ಪ್ರಾಮಿಸ್ ಸರಪಳಿ ಶುರುವಾಗುವ ಮೊದಲೇ ಸಿಡಿಯುವ ದೋಷಗಳನ್ನು ಹಿಡಿಯುವುದು ಹೇಗೆ?

ಡೊಂಬಿವಲಿಯ ಕಡೆಯ ಒಂದು ಕನ್ನಡ ಸಂಘಕ್ಕಾಗಿ ನಾನು ಬಿಡುವಿನ ವೇಳೆಯಲ್ಲಿ ಸಣ್ಣದೊಂದು ಜಾಲಪುಟ ಮಾಡಿಕೊಟ್ಟಿದ್ದೆ. ಸದಸ್ಯರು ತಮ್ಮ ಸದಸ್ಯತ್ವದ ಸಂಖ್ಯೆಯನ್ನು ತುಂಬಿದರೆ, ಆ ವರ್ಷದ ವಂತಿಗೆ ಸಂದಾಯವಾಗಿದೆಯೇ ಇಲ್ಲವೇ ಎಂಬುದನ್ನು ಅದು ತೋರಿಸಬೇಕಿತ್ತು. ಪುಟ ಶುರುವಾದ ಮೊದಲ ಭಾನುವಾರವೇ ಹಿರಿಯ ಸದಸ್ಯರೊಬ್ಬರು ಫೋನ್ ಮಾಡಿ, “ಏನು ಮಾರಾಯ, ಅರ್ಧ ಗಂಟೆಯಿಂದ ನಿನ್ನ ಚಕ್ರ ತಿರುಗುತ್ತಲೇ ಇದೆ, ನನ್ನ ವಂತಿಗೆ ಎಲ್ಲಿಗೆ ಹೋಯಿತು?” ಎಂದು ಕೇಳಿದರು. ದೋಷ ಬಂದರೆ ತಿಳಿಸಲು ಕ್ಯಾಚ್ ಬರೆದಿದ್ದೆ, ಏನೇ ಆದರೂ ಚಕ್ರ ನಿಲ್ಲಲೆಂದು ಫೈನಲಿಯನ್ನೂ ಬರೆದಿದ್ದೆ. ಎರಡೂ ಓಡಿರಲಿಲ್ಲ, ಏಕೆಂದರೆ ಅವು ಸೇರಿಕೊಳ್ಳಬೇಕಿದ್ದ ಸರಪಳಿಯೇ ಹುಟ್ಟಿರಲಿಲ್ಲ.

ಪ್ರಾಮಿಸ್ ಎಂದರೆ ಮುಂದೆ ಬರಲಿರುವ ಉತ್ತರಕ್ಕಾಗಿ ಜಾವಾಸ್ಕ್ರಿಪ್ಟ್ ಈಗಲೇ ಕೈಗೆ ಕೊಡುವ ವಸ್ತು. ಉತ್ತರ ಬಂದಾಗ ದೆನ್, ಅದು ರಿಜೆಕ್ಟ್ ಆದಾಗ, ಅಂದರೆ ದೋಷ ಬಂದಾಗ ಕ್ಯಾಚ್, ಎರಡರಲ್ಲೂ ಕೊನೆಗೆ ಫೈನಲಿ ಓಡುವಂತೆ ಅದಕ್ಕೆ ಪೋಣಿಸುವುದೇ ಸರಪಳಿ. ಪ್ರಾಮಿಸ್‌ಗಳನ್ನು ದಿನವೂ ಬಳಸುವವರು ಕೂಡ ಈ ಜಾಗದಲ್ಲಿ ಎಡವುತ್ತಾರೆ. ಅದನ್ನು ಗುರುತಿಸುವ ಮತ್ತು ಸರಿಪಡಿಸುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ವಿವರಿಸುತ್ತೇನೆ. ಓದಿನ ಅನುಕೂಲಕ್ಕಾಗಿ ಕೋಡಿನ ಸಾಲುಗಳನ್ನು ಕನ್ನಡ ಅಕ್ಷರಗಳಲ್ಲೇ ಕೊಟ್ಟಿದ್ದೇನೆ. ಎಡಿಟರಿನಲ್ಲಿ ಟೈಪ್ ಮಾಡುವಾಗ ಫಂಕ್ಷನ್, ರಿಟರ್ನ್, ದೆನ್ ಮುಂತಾದ ಭಾಷೆಯ ಸ್ವಂತ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು, ಆದರೆ ನಾವು ಇಟ್ಟ ಹೆಸರುಗಳನ್ನು ಕನ್ನಡದಲ್ಲೇ ಉಳಿಸಿಕೊಂಡರೂ ಜಾವಾಸ್ಕ್ರಿಪ್ಟ್ ತಕರಾರು ಮಾಡುವುದಿಲ್ಲ.

ಮೊದಲು ರೋಗವನ್ನು ಗುರುತಿಸಿ

ನನ್ನ ಫಂಕ್ಷನ್ ಹೀಗಿತ್ತು:

ಫಂಕ್ಷನ್ ಲೆಕ್ಕ_ತಾ(ಸಂಖ್ಯೆ) {
  ಕಾನ್ಸ್ಟ್ ಕ್ರಮಾಂಕ = ಸಂಖ್ಯೆ.ಸ್ಪ್ಲಿಟ್("-")[1].ಟ್ರಿಮ್();
  ರಿಟರ್ನ್ ಫೆಚ್("/ಲೆಕ್ಕ/" + ಕ್ರಮಾಂಕ).ದೆನ್(ಉತ್ತರ => ಉತ್ತರ.ಜೇಸನ್());
}

ಅದನ್ನು ಬಳಸಿದ ಜಾಗ ಹೀಗಿತ್ತು:

ಚಕ್ರ_ತಿರುಗಿಸು();
ಲೆಕ್ಕ_ತಾ(ಸಂಖ್ಯೆ)
  .ದೆನ್(ಪುಟ_ತುಂಬು)
  .ಕ್ಯಾಚ್(ದೋಷ_ತೋರಿಸು)
  .ಫೈನಲಿ(ಚಕ್ರ_ನಿಲ್ಲಿಸು);

ಈಚಿನ ಸದಸ್ಯರ ಸಂಖ್ಯೆಗಳಲ್ಲಿ ಶಾಖೆಯ ಅಕ್ಷರ, ನಡುವೆ ಒಂದು ಅಡ್ಡಗೆರೆ, ಆಮೇಲೆ ಕ್ರಮಾಂಕ ಇರುತ್ತದೆ, ಉದಾಹರಣೆಗೆ “ಡಿ-1482”. ಶಾಖೆಗಳಾಗುವುದಕ್ಕಿಂತ ಮೊದಲೇ ಸೇರಿದ ಹಿರಿಯರ ರಸೀದಿಯಲ್ಲಿ ಬರಿಯ “212” ಎಂದಷ್ಟೇ ಇತ್ತು. ಅಡ್ಡಗೆರೆ ಇಲ್ಲದ ಕಾರಣ ಸ್ಪ್ಲಿಟ್ ಒಂದೇ ತುಂಡಿನ ಪಟ್ಟಿಯನ್ನು ಕೊಟ್ಟಿತು, ಅದರ ಎರಡನೆಯ ಸ್ಥಾನದಲ್ಲಿ ಅನ್‌ಡಿಫೈನ್ಡ್ ಇತ್ತು, ಅದರ ಮೇಲೆ ಟ್ರಿಮ್ ಕರೆದ ಕ್ಷಣದಲ್ಲಿ ಟೈಪ್‌ಎರರ್ ಸಿಡಿಯಿತು. ಜಾಲದಿಂದ ಮಾಹಿತಿ ತರುವ ಫೆಚ್ ಇದ್ದ ರಿಟರ್ನ್ ಸಾಲಿಗೆ ಆಟ ತಲುಪಲೇ ಇಲ್ಲ. ಲೆಕ್ಕ_ತಾ ಏನನ್ನೂ ಹಿಂದಿರುಗಿಸದೆ ದೋಷವನ್ನು ನೇರವಾಗಿ ಕರೆದವರತ್ತ ಎಸೆದಾಗ, ಅದರ ಮುಂದೆ ಚುಕ್ಕೆ ಇಟ್ಟು ಬರೆದ ದೆನ್, ಕ್ಯಾಚ್, ಫೈನಲಿ ಮೂರೂ ಎಂದೂ ಕರೆಯಲ್ಪಡದ ಸಾಲುಗಳಾಗಿಯೇ ಉಳಿದವು.

ಮುಂಬಯಿಯ ನಿಂತು ತಿನ್ನುವ ಉಡುಪಿ ಹೋಟೆಲುಗಳ ಪದ್ಧತಿಯನ್ನು ನೆನೆದರೆ ಇದು ಬೇಗ ಅರ್ಥವಾಗುತ್ತದೆ. ಗಲ್ಲೆಯಲ್ಲಿ ಹಣ ಕೊಟ್ಟವರಿಗೆ ಟೋಕನ್ ಸಿಗುತ್ತದೆ. ಆಮೇಲೆ ದೋಸೆ ಬರಬಹುದು, ಅಥವಾ ಹಿಟ್ಟು ಮುಗಿಯಿತೆಂದು ಹಣ ವಾಪಸು ಬರಬಹುದು, ಎರಡೂ ಟೋಕನ್ ತೋರಿಸಿದವರಿಗೇ. ಆದರೆ ನೋಟು ಹರಿದಿದೆಯೆಂದು ಗಲ್ಲೆಯವರು ಅಲ್ಲೇ ತಿರುಗಿಸಿ ಕಳುಹಿಸಿದರೆ ಕೈಯಲ್ಲಿ ಟೋಕನ್ನೇ ಇರುವುದಿಲ್ಲ, ಒಳಗಿನ ಕಟ್ಟೆಯಲ್ಲಿ ನಮ್ಮನ್ನು ಕೇಳುವವರೂ ಇರುವುದಿಲ್ಲ. ಪ್ರಾಮಿಸ್ ಎಂಬುದು ಆ ಟೋಕನ್.

ರೋಗ ಇದೇ ಎಂದು ಖಚಿತಪಡಿಸಿಕೊಳ್ಳಲು ಬ್ರೌಸರಿನ ಕನ್ಸೋಲ್ ನೋಡಿ. ಕ್ರೋಮ್‌ನಲ್ಲಿ ಸರಪಳಿಯ ಒಳಗಿನಿಂದ ಬಂದು ಯಾರೂ ಹಿಡಿಯದ ದೋಷದ ಸಂದೇಶದಲ್ಲಿ “ಅನ್‌ಕಾಟ್” ಎಂಬುದರ ಜೊತೆಗೆ “ಇನ್ ಪ್ರಾಮಿಸ್” ಎಂಬ ಪದಗಳೂ ಇರುತ್ತವೆ. ಸರಪಳಿಗಿಂತ ಮೊದಲೇ ಸಿಡಿದ ದೋಷದಲ್ಲಿ ಬರಿಯ “ಅನ್‌ಕಾಟ್ ಟೈಪ್‌ಎರರ್” ಎಂದಿರುತ್ತದೆ. ಅದೇ ರೀತಿ ಮೊದಲನೆಯದು ವಿಂಡೋದ ಅನ್‌ಹ್ಯಾಂಡಲ್ಡ್‌ರಿಜೆಕ್ಷನ್ ಘಟನೆಗೆ ಹೋಗುತ್ತದೆ, ಎರಡನೆಯದು ಎರರ್ ಘಟನೆಗೆ ಹೋಗುತ್ತದೆ. ಎರಡರಲ್ಲಿ ಒಂದನ್ನು ಮಾತ್ರ ದಾಖಲಿಸುವ ಪುಟಗಳು ಬಹಳ ಇವೆ. ನನ್ನದೂ ಹಾಗೆಯೇ ಇದ್ದುದರಿಂದ, ಹಿರಿಯರು ಫೋನ್ ಮಾಡುವ ತನಕ ನನಗೆ ಸುಳಿವೇ ಸಿಕ್ಕಿರಲಿಲ್ಲ.

ಯಾವ ಸಾಲುಗಳು ಹೀಗೆ ಸಿಡಿಯುತ್ತವೆ ಎಂದು ಹುಡುಕುವಾಗ, ಪ್ರಾಮಿಸ್ ಹಿಂದಿರುಗಿಸುವ ಫಂಕ್ಷನ್ನಿನಲ್ಲಿ ಪ್ರಾಮಿಸ್ ಹುಟ್ಟುವ ಮೊದಲು ಓಡುವ ಎಲ್ಲವನ್ನೂ ಓದಬೇಕು, ರಿಟರ್ನ್ ಸಾಲಿನಲ್ಲೇ ಆವರಣದೊಳಗೆ ಲೆಕ್ಕವಾಗುವ ಬೆಲೆಗಳನ್ನೂ ಬಿಡಬಾರದು. ಜೇಸನ್.ಪಾರ್ಸ್ ಕೆಟ್ಟ ಪಠ್ಯ ಕಂಡರೆ ಸಿಂಟ್ಯಾಕ್ಸ್‌ಎರರ್ ಎಸೆಯುತ್ತದೆ. ಜೇಸನ್.ಸ್ಟ್ರಿಂಗಿಫೈ ತನ್ನೊಳಗೆ ತನ್ನನ್ನೇ ಸುತ್ತಿಕೊಂಡ ವಸ್ತುವನ್ನೋ ಬಿಗ್‌ಇಂಟ್ ಅನ್ನೋ ಕಂಡರೆ ಟೈಪ್‌ಎರರ್ ಎಸೆಯುತ್ತದೆ. ನ್ಯೂ ಯುಆರ್‌ಎಲ್ ತಪ್ಪು ವಿಳಾಸಕ್ಕೆ ಹಾಗೆಯೇ ಮಾಡುತ್ತದೆ. ಲೋಕಲ್‌ಸ್ಟೋರೇಜ್ ತುಂಬಿದ್ದರೆ ಸೆಟ್‌ಐಟಂ ಕೂಡ ಅಲ್ಲೇ ಸಿಡಿಯುತ್ತದೆ. ಫೆಚ್ ಮಾತ್ರ ಈ ಪಟ್ಟಿಗೆ ಸೇರುವುದಿಲ್ಲ: ತಪ್ಪು ವಿಳಾಸ ಕೊಟ್ಟರೂ ಅದು ಎಸೆಯದೆ, ರಿಜೆಕ್ಟ್ ಆದ ಪ್ರಾಮಿಸ್ ಒಂದನ್ನು ಕೈಗೆ ಕೊಡುತ್ತದೆ. ಬ್ರೌಸರಿನ ಅಂಗಗಳನ್ನು ವಿವರಿಸುವ ವೆಬ್ ಐಡಿಎಲ್ ನಿಯಮಾವಳಿಯಲ್ಲೇ, ಪ್ರಾಮಿಸ್ ಕೊಡುವೆನೆಂದು ಘೋಷಿಸಿದ ಕ್ರಿಯೆಯೊಳಗೆ ಎದ್ದ ದೋಷವನ್ನು ರಿಜೆಕ್ಷನ್ ಆಗಿ ಪರಿವರ್ತಿಸಬೇಕೆಂಬ ವಿಧಿ ಇದೆ. ಬ್ರೌಸರ್ ತನ್ನ ಮೇಲೆ ಹೇರಿಕೊಂಡಿರುವ ಶಿಸ್ತನ್ನು ನಮ್ಮ ಫಂಕ್ಷನ್ನುಗಳಿಗೂ ತರುವುದು ಮುಂದಿನ ಹಂತಗಳ ಕೆಲಸ.

ಫಂಕ್ಷನ್ ನಿಮ್ಮದೇ ಆಗಿದ್ದರೆ ಎಸಿಂಕ್ ಹಾಕಿ

ಇದಕ್ಕಿಂತ ಸುಲಭವಾದ ಮದ್ದು ಇಲ್ಲ. ಫಂಕ್ಷನ್ ಎಂಬ ಪದಕ್ಕಿಂತ ಮೊದಲು ಎಸಿಂಕ್ ಎಂದು ಸೇರಿಸಿದರೆ, ಅದರ ಮೈಯೊಳಗೆ ಎಲ್ಲಿ ಏನು ಸಿಡಿದರೂ ಅದು ರಿಜೆಕ್ಟ್ ಆದ ಪ್ರಾಮಿಸ್ ಆಗಿಯೇ ಹೊರಗೆ ಬರುತ್ತದೆ. ಒಳಗೆ, ಪ್ರಾಮಿಸ್‌ನ ಫಲ ಬರುವ ತನಕ ಕಾಯಿಸುವ ಅವೈಟ್ ಒಂದು ಕೂಡ ಇರಬೇಕಿಲ್ಲ. ಪ್ಯಾರಾಮೀಟರುಗಳಿಗೆ ಕೊಟ್ಟ ಪೂರ್ವನಿಯೋಜಿತ ಬೆಲೆಗಳನ್ನು ಲೆಕ್ಕ ಹಾಕುವಾಗ ಎದ್ದ ದೋಷಕ್ಕೂ ಇದೇ ರಕ್ಷಣೆ ಸಿಗುತ್ತದೆ. ಜಾವಾಸ್ಕ್ರಿಪ್ಟ್ ಭಾಷೆಯ ನಿಯಮಾವಳಿಯಾದ ಇಸಿಎಂಎಸ್ಕ್ರಿಪ್ಟ್‌ನ 2017ರ ಆವೃತ್ತಿಯಿಂದ ಎಸಿಂಕ್ ಭಾಷೆಯ ಭಾಗವಾಗಿರುವುದರಿಂದ ಇಂದು ಹಿಂಜರಿಯುವ ಕಾರಣ ಉಳಿದಿಲ್ಲ.

ಆದರೆ ಎಸಿಂಕ್ ಕಾಯುವುದು ತನ್ನ ಹೊಸ್ತಿಲಿನ ಒಳಗನ್ನು ಮಾತ್ರ. ಲೆಕ್ಕ_ತಾ(ಸದಸ್ಯ.ಸಂಖ್ಯೆ) ಎಂದು ಬರೆದಾಗ ಸದಸ್ಯ ಎಂಬುದು ನಲ್ ಆಗಿದ್ದರೆ, ಫಂಕ್ಷನ್ನನ್ನು ಕರೆಯುವುದಕ್ಕಿಂತ ಮೊದಲು ಅದಕ್ಕೆ ಕೊಡಬೇಕಾದ ಬೆಲೆಯನ್ನು ಹುಡುಕುವಾಗಲೇ ದೋಷ ಏಳುತ್ತದೆ, ಅದು ಕರೆದವರ ಅಂಗಳದಲ್ಲೇ ಸಿಡಿಯುತ್ತದೆ. ಎಸಿಂಕ್ ಹಾಕಿದ ಮೇಲೂ ದೋಷ ತಪ್ಪಿಸಿಕೊಂಡಿತೆಂದು ನನ್ನ ಬಳಿಗೆ ಬಂದ ಕಿರಿಯ ಸಹೋದ್ಯೋಗಿಗಳ ಕೋಡಿನಲ್ಲಿ ಬಹುತೇಕ ಸಲ ಇದೇ ಕಂಡಿದೆ.

ಕರೆಯುವ ಜಾಗವೂ ಎಸಿಂಕ್ ಫಂಕ್ಷನ್ನಿನ ಒಳಗಿದ್ದರೆ ತೊಂದರೆ ಇನ್ನೂ ಹಗುರಾಗುತ್ತದೆ:

ಟ್ರೈ {
  ಪುಟ_ತುಂಬು(ಅವೈಟ್ ಲೆಕ್ಕ_ತಾ(ಸದಸ್ಯ.ಸಂಖ್ಯೆ));
} ಕ್ಯಾಚ್ (ದೋಷ) {
  ದೋಷ_ತೋರಿಸು(ದೋಷ);
} ಫೈನಲಿ {
  ಚಕ್ರ_ನಿಲ್ಲಿಸು();
}

ಇಲ್ಲಿ ಲೆಕ್ಕ_ತಾ ಕೂಡಲೇ ಸಿಡಿದರೂ, ಆಮೇಲೆ ರಿಜೆಕ್ಟ್ ಆದರೂ, ಸದಸ್ಯ ನಲ್ ಆಗಿದ್ದರೂ ದೋಷ ಬಂದು ಬೀಳುವುದು ಒಂದೇ ಕ್ಯಾಚ್‌ಗೆ. ಎಚ್ಚರ ಬೇಕಾದದ್ದು ಅವೈಟ್ ಬಿಟ್ಟುಹೋದಾಗ. ಟ್ರೈ ಒಳಗೆ ಬರಿಯ “ರಿಟರ್ನ್ ಲೆಕ್ಕ_ತಾ(ಸಂಖ್ಯೆ)” ಎಂದು ಬರೆದರೆ ಕೂಡಲೇ ಸಿಡಿಯುವ ದೋಷ ಮಾತ್ರ ಕ್ಯಾಚ್‌ಗೆ ಸಿಗುತ್ತದೆ, ತಡವಾಗಿ ರಿಜೆಕ್ಟ್ ಆದದ್ದು ಅದನ್ನು ದಾಟಿ ಹೊರಗೆ ಹೋಗುತ್ತದೆ. ಆದ್ದರಿಂದ ಟ್ರೈ ಒಳಗಿನ ರಿಟರ್ನ್‌ಗೆ ಅವೈಟ್ ಸೇರಿಸುವುದನ್ನು ಅನಗತ್ಯವೆಂದು ಅಳಿಸಬೇಡಿ.

ಫಂಕ್ಷನ್ ಬೇರೆಯವರದಾಗಿದ್ದರೆ ಸರಪಳಿಯ ತಲೆಯನ್ನು ಬದಲಿಸಿ

ಹಳೆಯ ಲೈಬ್ರರಿಯ ಫಂಕ್ಷನ್, ಬಳಕೆದಾರರೇ ಕೊಟ್ಟ ಕಾಲ್‌ಬ್ಯಾಕ್, ಪ್ಲಗಿನ್ ಮುಂತಾದವುಗಳ ಒಳಗನ್ನು ತಿದ್ದುವ ಅಧಿಕಾರ ನಮಗಿರುವುದಿಲ್ಲ. ಆಗ ಅದನ್ನು ಕರೆಯುವ ಕೆಲಸವನ್ನೇ ಪ್ರಾಮಿಸ್‌ನ ಒಳಕ್ಕೆ ಎಳೆದುಕೊಳ್ಳಬೇಕು. ಹೊಸಬರಿಗೆ ಮೊದಲು ಹೊಳೆಯುವ ಉತ್ತರ ತಪ್ಪು ಉತ್ತರ:

ಪ್ರಾಮಿಸ್.ರಿಸಾಲ್ವ್(ಲೆಕ್ಕ_ತಾ(ಸಂಖ್ಯೆ)).ಕ್ಯಾಚ್(ದೋಷ_ತೋರಿಸು);

ರಿಸಾಲ್ವ್ ಎಂಬ ಹೆಸರು ಹೊರಗಿನಿಂದ ಅಪ್ಪಿಕೊಂಡಂತೆ ಕಂಡರೂ ಒಳಗಿನ ಆವರಣದಲ್ಲಿರುವ ಲೆಕ್ಕ_ತಾ ಮೊದಲು ಓಡುತ್ತದೆ. ಅದು ಸಿಡಿದರೆ ರಿಸಾಲ್ವ್ ಕರೆಯಲ್ಪಡುವುದೇ ಇಲ್ಲ. ಇದಕ್ಕೆ ಪರಿಹಾರವಾಗಿ ಬಹಳ ಕಾಲದಿಂದ ಬಳಕೆಯಲ್ಲಿರುವ ರೂಪ ಹೀಗಿದೆ:

ಪ್ರಾಮಿಸ್.ರಿಸಾಲ್ವ್()
  .ದೆನ್(() => ಲೆಕ್ಕ_ತಾ(ಸದಸ್ಯ.ಸಂಖ್ಯೆ))
  .ದೆನ್(ಪುಟ_ತುಂಬು)
  .ಕ್ಯಾಚ್(ದೋಷ_ತೋರಿಸು)
  .ಫೈನಲಿ(ಚಕ್ರ_ನಿಲ್ಲಿಸು);

ದೆನ್ ಒಳಗೆ ಕೊಟ್ಟ ಫಂಕ್ಷನ್ನಿನಲ್ಲಿ ಏನು ಸಿಡಿದರೂ ಅದು ತಾನಾಗಿ ರಿಜೆಕ್ಷನ್ ಆಗುವುದರಿಂದ, ಮೊದಲ ಕೆಲಸವೂ ಈಗ ಸರಪಳಿಯ ಒಳಗಿನ ಒಂದು ಕೊಂಡಿಯಾಗಿದೆ. ಇದು ಎಲ್ಲ ಪರಿಸರಗಳಲ್ಲೂ ನಡೆಯುತ್ತದೆ, ಆದರೆ ಒಂದು ಬೆಲೆ ತೆರಬೇಕು: ದೆನ್ ತನ್ನ ಫಂಕ್ಷನ್ನನ್ನು ಎಂದಿಗೂ ಕೂಡಲೇ ಕರೆಯುವುದಿಲ್ಲ, ಈಗ ಓಡುತ್ತಿರುವ ಕೋಡು ಮುಗಿದ ಬಳಿಕ ಮೈಕ್ರೊಟಾಸ್ಕ್ ಸಾಲಿನಲ್ಲಿ ಕರೆಯುತ್ತದೆ. ಕೆಳಗಿನ ಸಾಲುಗಳು ಲೆಕ್ಕ_ತಾ ಕೆಲಸ ಶುರುವಾಗಿದೆಯೆಂದು ನಂಬಿ ಬರೆದವುಗಳಾದರೆ, ಉದಾಹರಣೆಗೆ ಒಂದು ಧ್ವಜವನ್ನು ಅದು ಆಗಲೇ ಏರಿಸಿರುತ್ತದೆಂದು ಭಾವಿಸಿದ್ದರೆ, ಕ್ರಮ ತಪ್ಪುತ್ತದೆ. ಸಾಮಾನ್ಯ ಪುಟಗಳಲ್ಲಿ ಈ ವ್ಯತ್ಯಾಸ ಗಮನಕ್ಕೆ ಬರುವುದಿಲ್ಲ. ಇದ್ದ ಕೋಡನ್ನು ತಿದ್ದುವಾಗ ಮಾತ್ರ ನೆನಪಿನಲ್ಲಿಡಬೇಕು.

ಕೂಡಲೇ ಓಡಬೇಕು, ದೋಷವೂ ಒಳಗೇ ಇರಬೇಕು ಎನ್ನುವವರಿಗೆ ಪ್ರಾಮಿಸ್ ಕಟ್ಟುವ ಕನ್‌ಸ್ಟ್ರಕ್ಟರ್ ಇದೆ. ಅದಕ್ಕೆ ಕೊಟ್ಟ ಫಂಕ್ಷನ್ ಅದೇ ಕ್ಷಣದಲ್ಲಿ ಓಡುತ್ತದೆ, ಅದರೊಳಗೆ ಸಿಡಿದದ್ದು ರಿಜೆಕ್ಷನ್ ಆಗುತ್ತದೆ:

ಕಾನ್ಸ್ಟ್ ಶುರು = (ಕೆಲಸ, ...ಬೆಲೆಗಳು) =>
  ನ್ಯೂ ಪ್ರಾಮಿಸ್(ಮುಗಿಸು => ಮುಗಿಸು(ಕೆಲಸ(...ಬೆಲೆಗಳು)));

ಈ ಎರಡು ಸಾಲನ್ನು ಒಂದು ಕಡತದಲ್ಲಿಟ್ಟುಕೊಂಡರೆ ಎಲ್ಲೆಡೆಯೂ ಶುರು(() => ಲೆಕ್ಕ_ತಾ(ಸದಸ್ಯ.ಸಂಖ್ಯೆ)) ಎಂದು ಸರಪಳಿಯನ್ನು ಆರಂಭಿಸಬಹುದು. ಕನ್‌ಸ್ಟ್ರಕ್ಟರ್ ಕಾಯುವುದು ನೇರವಾಗಿ ಓಡುವ ಸಾಲುಗಳನ್ನು ಮಾತ್ರ ಎಂಬುದನ್ನು ಮರೆಯಬಾರದು. ಅದರೊಳಗೆ ಸೆಟ್‌ಟೈಮ್‌ಔಟ್ ಇಟ್ಟು, ಆ ಟೈಮರಿನ ಫಂಕ್ಷನ್ನಿನಲ್ಲಿ ದೋಷ ಸಿಡಿದರೆ ಅದು ಪ್ರಾಮಿಸ್‌ಗೆ ಸಿಗುವುದಿಲ್ಲ, ಅಲ್ಲಿ ಕೈಯಾರೆ ರಿಜೆಕ್ಟ್ ಕರೆಯಬೇಕು.

ಇದೇ ಕೆಲಸಕ್ಕೆ ಭಾಷೆಯೊಳಗೇ ಈಗ ಪ್ರಾಮಿಸ್.ಟ್ರೈ ಬಂದಿದೆ. ಬಯಕೆ ಹಳೆಯದೇ: ಪ್ರಾಮಿಸ್‌ಗಳು 2015ರಲ್ಲಿ ಭಾಷೆಗೆ ಸೇರುವ ಮೊದಲೇ ಕ್ಯೂ ಲೈಬ್ರರಿಯಲ್ಲಿ ಎಫ್‌ಕಾಲ್ ಎಂಬ ಹೆಸರಿನಲ್ಲಿ, ಬ್ಲೂಬರ್ಡ್ ಲೈಬ್ರರಿಯಲ್ಲಿ ಟ್ರೈ ಎಂಬ ಹೆಸರಿನಲ್ಲಿಯೇ ಈ ಸೌಲಭ್ಯವಿತ್ತು. ಭಾಷೆಯ ನಿಯಮಾವಳಿಗೆ ಅದು ಸೇರಿದ್ದು ಇಸಿಎಂಎಸ್ಕ್ರಿಪ್ಟ್ 2025ರಲ್ಲಿ. ಬ್ರೌಸರುಗಳಲ್ಲಿ ಕ್ರೋಮ್ 128, ಸಫಾರಿ 18.2 ಮತ್ತು ಫೈರ್‌ಫಾಕ್ಸ್ 134ರಿಂದ ಅದು ಲಭ್ಯವಿದೆ. ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ 22ನೆಯ ಆವೃತ್ತಿಯಲ್ಲಿ ಇಲ್ಲ, 24ರಲ್ಲಿ ಇದೆ. ಸಂಘದ ಹಿರಿಯರ ಹಳೆಯ ಫೋನುಗಳನ್ನು ನೆನೆದು ನಾನು ನನ್ನ ಪುಟದಲ್ಲಿ ಮೇಲಿನ ಎರಡು ಸಾಲಿನ ಶುರುವನ್ನೇ ಉಳಿಸಿಕೊಂಡಿದ್ದೇನೆ.

ಪ್ರಾಮಿಸ್.ಟ್ರೈ(() => ಲೆಕ್ಕ_ತಾ(ಸದಸ್ಯ.ಸಂಖ್ಯೆ))
  .ದೆನ್(ಪುಟ_ತುಂಬು)
  .ಕ್ಯಾಚ್(ದೋಷ_ತೋರಿಸು)
  .ಫೈನಲಿ(ಚಕ್ರ_ನಿಲ್ಲಿಸು);

ಇದನ್ನು ಪ್ರಾಮಿಸ್.ಟ್ರೈ(ಲೆಕ್ಕ_ತಾ, ಸದಸ್ಯ.ಸಂಖ್ಯೆ) ಎಂದು ಚಿಕ್ಕದಾಗಿಯೂ ಬರೆಯಬಹುದು, ಆದರೆ ಆಗ ಸದಸ್ಯ.ಸಂಖ್ಯೆ ಮತ್ತೆ ಹೊಸ್ತಿಲಿನ ಹೊರಗೆ ಲೆಕ್ಕವಾಗುತ್ತದೆ. ಬಾಣದ ಗುರುತಿನ ಫಂಕ್ಷನ್ನೊಳಗೆ ಎಲ್ಲವನ್ನೂ ಇಡುವ ಉದ್ದದ ರೂಪವನ್ನೇ ನಾನು ಆರಿಸುತ್ತೇನೆ; ಉಳಿಯುವ ನಾಲ್ಕು ಅಕ್ಷರಕ್ಕಾಗಿ ಅರ್ಧ ರಕ್ಷಣೆಯನ್ನು ಬಿಟ್ಟುಕೊಡುವುದು ಲಾಭದ ವ್ಯಾಪಾರವಲ್ಲ.

ಕೆಲವರು ಇದಾವುದೂ ಬೇಡವೆಂದು ಇಡೀ ಸರಪಳಿಯ ಸುತ್ತ ಟ್ರೈ ಕಟ್ಟಿ, ಒಳಗೂ ಕ್ಯಾಚ್, ಹೊರಗೂ ಕ್ಯಾಚ್ ಇಡುತ್ತಾರೆ. ಅದು ನಡೆಯುತ್ತದೆ. ಆದರೆ ದೋಷ_ತೋರಿಸು ಮತ್ತು ಚಕ್ರ_ನಿಲ್ಲಿಸು ಎರಡನ್ನೂ ಎರಡೆರಡು ಕಡೆ ಬರೆಯಬೇಕಾಗುತ್ತದೆ, ಆರು ತಿಂಗಳ ಬಳಿಕ ಯಾರೋ ಒಂದು ಕಡೆ ಮಾತ್ರ ತಿದ್ದುತ್ತಾರೆ.

ಪಟ್ಟಿಯಾಗಿ ಕರೆಯುವಾಗ ಹೆಚ್ಚು ಜಾಗ್ರತೆ

ಒಂದೇ ಕರೆಯಲ್ಲಿ ಈ ದೋಷ ಬಂದರೆ ಚಕ್ರ ನಿಲ್ಲುವುದಿಲ್ಲ, ಅಷ್ಟೇ. ಹಲವು ಕರೆಗಳನ್ನು ಒಟ್ಟಿಗೆ ಮಾಡುವಾಗ ಬಂದರೆ ಅದು ಹಿಂದೆ ಕಸ ಬಿಟ್ಟು ಹೋಗುತ್ತದೆ. ಖಜಾಂಚಿಯವರಿಗಾಗಿ ನಲವತ್ತು ಸದಸ್ಯರ ಲೆಕ್ಕವನ್ನು ಒಮ್ಮೆಗೇ ತರುವ ಪುಟವನ್ನು ನಾನು ಹೀಗೆ ಬರೆದಿದ್ದೆ:

ಪ್ರಾಮಿಸ್.ಆಲ್‌ಸೆಟಲ್ಡ್(ಸಂಖ್ಯೆಗಳು.ಮ್ಯಾಪ್(ಸಂ => ಲೆಕ್ಕ_ತಾ(ಸಂ)))
  .ದೆನ್(ಪಟ್ಟಿ_ತುಂಬು);

ಯಾವುದು ಕೈಕೊಟ್ಟರೂ ಉಳಿದವುಗಳ ಫಲ ಕೊಡುವುದು ಆಲ್‌ಸೆಟಲ್ಡ್‌ನ ಗುಣ, ಆದ್ದರಿಂದ ಕ್ಯಾಚ್ ಕೂಡ ಬೇಡವೆಂದು ನಾನು ಭಾವಿಸಿದ್ದೆ. ಹದಿನೇಳನೆಯ ಸಂಖ್ಯೆಯಲ್ಲಿ ಅಡ್ಡಗೆರೆ ಇಲ್ಲದಿದ್ದರೆ ಏನಾಗುತ್ತದೆಂದು ನೋಡಿ. ಮ್ಯಾಪ್ ಮೊದಲ ಹದಿನಾರು ಸಂಖ್ಯೆಗಳಿಗೆ ಲೆಕ್ಕ_ತಾ ಕರೆದಿರುತ್ತದೆ, ಹದಿನಾರು ಫೆಚ್‌ಗಳು ಜಾಲದಲ್ಲಿ ಹೊರಟಿರುತ್ತವೆ. ಹದಿನೇಳನೆಯದು ಸಿಡಿದಾಗ ಮ್ಯಾಪ್ ಅಲ್ಲೇ ಮುರಿಯುತ್ತದೆ, ಆಲ್‌ಸೆಟಲ್ಡ್‌ಗೆ ಪಟ್ಟಿಯೇ ತಲುಪುವುದಿಲ್ಲ. ಹೊರಟ ಹದಿನಾರು ಪ್ರಾಮಿಸ್‌ಗಳು ಯಾರ ಕೈಯಲ್ಲೂ ಇಲ್ಲದೆ ಉಳಿಯುತ್ತವೆ. ಉಳಿದ ಇಪ್ಪತ್ತಮೂರು ಹುಟ್ಟುವುದೇ ಇಲ್ಲ. ಹೊರಟವುಗಳಲ್ಲಿ ಒಂದು ಆಮೇಲೆ ರಿಜೆಕ್ಟ್ ಆದರೆ, ಅದನ್ನು ಹಿಡಿಯುವವರಿಲ್ಲದ ಕಾರಣ ಅನ್‌ಹ್ಯಾಂಡಲ್ಡ್‌ರಿಜೆಕ್ಷನ್ ಏಳುತ್ತದೆ.

ಬ್ರೌಸರಿನಲ್ಲಿ ಅದು ಕನ್ಸೋಲಿನ ಒಂದು ಕೆಂಪು ಸಾಲು. ಸರ್ವರಿನಲ್ಲಿ ಕಥೆ ಬೇರೆ: 2020ರ ಅಕ್ಟೋಬರಿನಲ್ಲಿ ಬಂದ ನೋಡ್ 15ರಿಂದ ಮುಂದೆ, ಬೇರೆ ಏರ್ಪಾಡು ಮಾಡದಿದ್ದರೆ, ಯಾರೂ ಹಿಡಿಯದ ರಿಜೆಕ್ಷನ್ ಇಡೀ ಪ್ರಕ್ರಿಯೆಯನ್ನೇ ನಿಲ್ಲಿಸುತ್ತದೆ. ಮೊದಲ ದೋಷವನ್ನು ನೀವು ಹೊರಗಿನ ಟ್ರೈನಲ್ಲಿ ಹಿಡಿದು ಸಮಾಧಾನಪಟ್ಟಿದ್ದರೂ, ಕೆಲವು ಕ್ಷಣಗಳ ನಂತರ ಅನಾಥವಾಗಿದ್ದ ಮತ್ತೊಂದು ಪ್ರಾಮಿಸ್ ಸರ್ವರನ್ನು ಬೀಳಿಸಬಹುದು, ಮತ್ತು ಆಗ ದಾಖಲೆಯಲ್ಲಿ ಕಾಣುವ ದೋಷಕ್ಕೂ ನಿಜವಾದ ಕಾರಣಕ್ಕೂ ಸಂಬಂಧವೇ ಇರುವುದಿಲ್ಲ. ಆದ್ದರಿಂದ ಇಲ್ಲಿ ರಕ್ಷಣೆ ಪಟ್ಟಿಯ ಹೊರಗಲ್ಲ, ಪ್ರತಿಯೊಂದು ಕರೆಯ ಮೇಲೆ ಬೇಕು:

ಪ್ರಾಮಿಸ್.ಆಲ್‌ಸೆಟಲ್ಡ್(ಸಂಖ್ಯೆಗಳು.ಮ್ಯಾಪ್(ಸಂ => ಶುರು(() => ಲೆಕ್ಕ_ತಾ(ಸಂ))))
  .ದೆನ್(ಪಟ್ಟಿ_ತುಂಬು);

ಲೆಕ್ಕ_ತಾ ಎಸಿಂಕ್ ಆಗಿದ್ದರೆ ಶುರು ಬೇಕಿಲ್ಲ. ಪ್ರಾಮಿಸ್.ಆಲ್, ರೇಸ್, ಎನಿ ಮೂರಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಎಕ್ಸ್‌ಪ್ರೆಸ್ ಬಳಸುವವರಿಗೆ ಒಂದು ಮಾತು

ಎಕ್ಸ್‌ಪ್ರೆಸ್‌ನ (ನೋಡ್‌ನಲ್ಲಿ ಸರ್ವರ್ ಬರೆಯಲು ಬಳಸುವ ಚೌಕಟ್ಟು) 4ನೆಯ ಆವೃತ್ತಿಯಲ್ಲಿ ಪರಿಸ್ಥಿತಿ ತಲೆಕೆಳಗು. ಅಲ್ಲಿ ಹ್ಯಾಂಡ್ಲರಿನೊಳಗೆ, ಅಂದರೆ ಬಂದ ಕೋರಿಕೆಗೆ ಉತ್ತರಿಸುವ ಫಂಕ್ಷನ್ನಿನೊಳಗೆ, ಕೂಡಲೇ ಸಿಡಿದ ದೋಷವನ್ನು ಚೌಕಟ್ಟೇ ಹಿಡಿದು ದೋಷದ ಮಿಡಲ್‌ವೇರಿಗೆ ಒಪ್ಪಿಸುತ್ತದೆ, ಆದರೆ ಹ್ಯಾಂಡ್ಲರ್ ಹಿಂದಿರುಗಿಸಿದ ಪ್ರಾಮಿಸ್ ರಿಜೆಕ್ಟ್ ಆದರೆ ಅದನ್ನು ಗಮನಿಸುವುದಿಲ್ಲ. ಹಾಗಾಗಿ ಮೇಲಿನ ಹಂತಗಳನ್ನು ಓದಿ ಉತ್ಸಾಹದಿಂದ ಎಲ್ಲ ಹ್ಯಾಂಡ್ಲರುಗಳಿಗೂ ಎಸಿಂಕ್ ಹಾಕಿ, ಕೊನೆಗೆ .ಕ್ಯಾಚ್(ನೆಕ್ಸ್ಟ್) ಸೇರಿಸಲು ಮರೆತರೆ, ಈವರೆಗೆ ಸರಿಯಾಗಿ 500 ಉತ್ತರ ಕೊಡುತ್ತಿದ್ದ ದೋಷಗಳೂ ಉತ್ತರವಿಲ್ಲದೆ ನೇತಾಡುತ್ತವೆ, ನೋಡ್ 15ರಿಂದ ಮುಂದೆ ಸರ್ವರನ್ನೇ ಬೀಳಿಸಬಹುದು. 2024ರಲ್ಲಿ ಬಂದ 5ನೆಯ ಆವೃತ್ತಿ ರಿಜೆಕ್ಷನ್ನುಗಳನ್ನೂ ತಾನೇ ಮಿಡಲ್‌ವೇರಿಗೆ ದಾಟಿಸುತ್ತದೆ.

ದೋಷ ಹಿಡಿದ ಮೇಲೆ ಅದನ್ನು ನುಂಗಬೇಡಿ

ಅಡ್ಡಗೆರೆ ಇಲ್ಲದ ಸಂಖ್ಯೆಯನ್ನೂ ಒಪ್ಪಿಕೊಳ್ಳುವಂತೆ ಲೆಕ್ಕ_ತಾ ತಿದ್ದುವುದು ಹೇಗಿದ್ದರೂ ಬೇಕಾದ ಕೆಲಸ, ಅದನ್ನು ಅದೇ ಭಾನುವಾರ ಮಾಡಿದೆ. ಸರಪಳಿಯ ತಲೆಯನ್ನು ಬಿಗಿ ಮಾಡಿದ್ದು ನನಗಿನ್ನೂ ಗೊತ್ತಿಲ್ಲದ ಮುಂದಿನ ತಪ್ಪಿಗಾಗಿ. ಹೀಗೆ ಎಲ್ಲವೂ ಒಂದೇ ಕ್ಯಾಚ್‌ಗೆ ಬರತೊಡಗಿದಾಗ ಜಾಲ ಕಡಿದುಹೋದದ್ದೂ ನಮ್ಮದೇ ಕೋಡಿನ ಟೈಪ್‌ಎರರ್‌ ಕೂಡ ಅಲ್ಲಿ ಪಕ್ಕಪಕ್ಕದಲ್ಲಿ ನಿಲ್ಲುತ್ತವೆ. ಫೆಚ್ ಕೂಡ ಜಾಲದ ವೈಫಲ್ಯಕ್ಕೆ ಟೈಪ್‌ಎರರ್ ಅನ್ನೇ ಕೊಡುವುದರಿಂದ ದೋಷದ ಜಾತಿಯನ್ನು ನೋಡಿ ಬೇರ್ಪಡಿಸುವುದು ಸಾಧ್ಯವಿಲ್ಲ. ಬಳಕೆದಾರರಿಗೆ “ಲೆಕ್ಕ ಸಿಗಲಿಲ್ಲ, ಸಂಖ್ಯೆಯನ್ನು ಮತ್ತೊಮ್ಮೆ ನೋಡಿ” ಎಂಬಂಥ ಸರಳ ಮಾತನ್ನು ತೋರಿಸಿ, ಮೂಲ ದೋಷವನ್ನು ಅದರ ಸ್ಟ್ಯಾಕ್ ಸಹಿತ ದಾಖಲೆಗೆ ಕಳುಹಿಸಿ.

ಕೊನೆಗೆ ಪರೀಕ್ಷೆ

ಪ್ರಾಮಿಸ್ ಕೊಡುವ ಪ್ರತಿಯೊಂದು ಫಂಕ್ಷನ್ನಿಗೂ ಕೆಟ್ಟ ಬೆಲೆ ಕೊಟ್ಟು, ಅದು ಸಿಡಿಯದೆ ರಿಜೆಕ್ಟ್ ಆಗುತ್ತದೆಯೇ ಎಂದು ನೋಡುವ ಒಂದು ಪರೀಕ್ಷೆ ಇರಬೇಕು. ನೋಡ್‌ನ ಅಸರ್ಟ್.ರಿಜೆಕ್ಟ್ಸ್ ಇದಕ್ಕೆ ಹೊಂದುತ್ತದೆ. ಅದಕ್ಕೆ ಫಂಕ್ಷನ್ನನ್ನೇ ಕೊಡಿ, ಕರೆದ ಫಲವನ್ನಲ್ಲ. ಫಂಕ್ಷನ್ ಕೂಡಲೇ ಸಿಡಿದರೆ ಅಸರ್ಟ್.ರಿಜೆಕ್ಟ್ಸ್ ಆ ದೋಷವನ್ನು ನಿಮ್ಮ ನಿರೀಕ್ಷೆಯೊಂದಿಗೆ ಹೋಲಿಸಲು ಹೋಗದೆ ನೇರವಾಗಿ ಸೋಲುತ್ತದೆ, ನಮಗೆ ಬೇಕಾದದ್ದೂ ಅದೇ. ಟೈಪ್‌ಸ್ಕ್ರಿಪ್ಟ್ ಬಳಸುವವರು ಟೈಪ್‌ಸ್ಕ್ರಿಪ್ಟ್ ಇಎಸ್‌ಲಿಂಟ್‌ನ ಪ್ರಾಮಿಸ್-ಫಂಕ್ಷನ್-ಎಸಿಂಕ್ ನಿಯಮವನ್ನು ಚಾಲೂ ಮಾಡಿದರೆ, ಪ್ರಾಮಿಸ್ ಕೊಡುವ ಫಂಕ್ಷನ್ನಿಗೆ ಎಸಿಂಕ್ ಇಲ್ಲದಿದ್ದಲ್ಲಿ ಎಡಿಟರಿನಲ್ಲೇ ಗೆರೆ ಬೀಳುತ್ತದೆ.

ನನ್ನ ಪರೀಕ್ಷೆಯ ಕಡತದಲ್ಲಿ ಲೆಕ್ಕ_ತಾ ಫಂಕ್ಷನ್ನಿಗೆ ಈಗ ಮೂರು ಕೆಟ್ಟ ಬೆಲೆಗಳಿವೆ: ಖಾಲಿ ಪಠ್ಯ, ನಲ್, ಮತ್ತು ಅಡ್ಡಗೆರೆಯ ಮುಂದೆ ಏನೂ ಇಲ್ಲದ “ಡಿ-”. ನಾಲ್ಕನೆಯ ಬೆಲೆ “212”. ಅದು ಕೆಟ್ಟ ಬೆಲೆಗಳ ಪಟ್ಟಿಯಲ್ಲಿಲ್ಲ, ಸರಿಯಾದ ಉತ್ತರ ಬರಲೇಬೇಕಾದ ಬೆಲೆಗಳ ಪಟ್ಟಿಯಲ್ಲಿದೆ.